ಯಕೃತ್ತಿನ ಭಾಗ ದಾನ: ಕಲಬುರಗಿಯಿಂದ ಹೊರಡುವ ಮುನ್ನ

ಯಕೃತ್ತಿನ ಕಸಿಗಾಗಿ ಕಲಬುರಗಿಯಿಂದ ಹೈದರಾಬಾದಿಗೋ ಬೆಂಗಳೂರಿಗೋ ರೈಲು ಹತ್ತುವ ಮುನ್ನ, ದಾನ ಮಾಡಬಯಸುವವರ ರಕ್ತದ ಗುಂಪನ್ನು ಊರಿನಲ್ಲೇ ಪರೀಕ್ಷಿಸಿಕೊಳ್ಳಿ; ಗುಂಪು ಹೊಂದುವ, 18 ವರ್ಷ ತುಂಬಿದ ಆರೋಗ್ಯವಂತರನ್ನು ಮೊದಲು ತಪಾಸಣೆಗೆ ಕರೆದೊಯ್ದರೆ ಹಣವೂ ದಿನಗಳೂ ಉಳಿಯುತ್ತವೆ.

ಹೆಚ್ಚು ತೊಡಕಾಗುವುದು ಕಾಗದಪತ್ರಗಳಲ್ಲಿ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ, ಅಜ್ಜಿ, ಮೊಮ್ಮಕ್ಕಳು ಸಮೀಪದ ಬಂಧುಗಳು. ಅಳಿಯ, ಸೊಸೆ, ಚಿಕ್ಕಪ್ಪನ ಮಗ ಈ ಪಟ್ಟಿಯಲ್ಲಿ ಇಲ್ಲದ ಕಾರಣ, ಅವರು ದಾನ ಮಾಡಬೇಕಾದರೆ ಅದಕ್ಕೆಂದೇ ಇರುವ ಸಮಿತಿಯ ಅನುಮತಿ ಬೇಕು. ಆಧಾರ್ ಕಾರ್ಡಿನಲ್ಲಿ ಶರಣಪ್ಪ, ರೇಷನ್ ಕಾರ್ಡಿನಲ್ಲಿ ಶರಣಬಸಪ್ಪ ಎಂದಿದ್ದರೆ ಸಂಬಂಧವನ್ನು ಸಾಬೀತುಪಡಿಸುವುದು ಕಷ್ಟವಾಗುವುದರಿಂದ ಹೆಸರನ್ನು ಮೊದಲೇ ಸರಿಪಡಿಸಿಕೊಳ್ಳಿ.

ವಯಸ್ಕ ರೋಗಿಗೆ ಸಾಮಾನ್ಯವಾಗಿ ದಾನಿಯ ಯಕೃತ್ತಿನ ಬಲಭಾಗವನ್ನು, ಅಂದರೆ ಸುಮಾರು 60 ಪ್ರತಿಶತವನ್ನು ಕೊಡಲಾಗುತ್ತದೆ; ಉಳಿದ ಭಾಗ ಕೆಲವೇ ತಿಂಗಳಲ್ಲಿ ಬಹುಪಾಲು ಮತ್ತೆ ಬೆಳೆಯುತ್ತದೆ. ಯಕೃತ್ತಿನಲ್ಲಿ ಕೊಬ್ಬು ಹೆಚ್ಚಿದ್ದರೆ ವೈದ್ಯರು ಮೊದಲು ತೂಕ ಇಳಿಸಲು ಹೇಳಬಹುದು.

ಮನೆಯ ಹಿರಿಯರಲ್ಲಿ ನನ್ನದೊಂದು ವಿನಂತಿ: ದಾನಿಯನ್ನು ಎಲ್ಲರ ಮುಂದೆ ಒಪ್ಪಿಸಬೇಡಿ, ಒಬ್ಬರನ್ನೇ ಕೂರಿಸಿ ಕೇಳಿ, ಏಕೆಂದರೆ ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆಯೂ ಹಿಂದೆ ಸರಿಯುವ ಹಕ್ಕು ಅವರಿಗಿದೆ. ಊರಿಗೆ ಮರಳಿದ ಮೇಲೆ, ವೈದ್ಯರು ಒಪ್ಪುವವರೆಗೆ ಅವರಿಂದ ತೊಗರಿ ಚೀಲ ಎತ್ತಿಸಬೇಡಿ.