ಎಂಟು ಕೋರ್ ಸಾಕು: ಹೈ-ಎಂಡ್ ಗೇಮಿಂಗ್ ಪಿಸಿಗೆ ಪ್ರೊಸೆಸರ್ ಆರಿಸಿದ ನನ್ನ ಅನುಭವ

ಲಕ್ಷ ರೂಪಾಯಿಯ ಗ್ರಾಫಿಕ್ಸ್ ಕಾರ್ಡಿನ ಜೊತೆ ಎಂಟೇ ಕೋರಿನ ಪ್ರೊಸೆಸರ್, ಬಿ650 ಮದರ್‌ಬೋರ್ಡ್, ನಾಲ್ಕು ಸಾವಿರದ ಏರ್ ಕೂಲರ್ ಅಂದಾಗ ಯಾರೂ ಒಪ್ಪಲಿಲ್ಲ. ಇಂಟೆಲ್ ಐ9 ಇಲ್ಲದೆ, 360 ಎಂಎಂ ಲಿಕ್ವಿಡ್ ಕೂಲರ್ ಇಲ್ಲದೆ ಹೈ-ಎಂಡ್ ಹೇಗಾಗುತ್ತೆ ಅನ್ನೋದೇ ಎಲ್ಲರ ಪ್ರಶ್ನೆ. ಈಗ ಆ ಪ್ರೊಸೆಸರ್, ಎಎಮ್‌ಡಿಯ ರೈಜನ್ 7 9800ಎಕ್ಸ್3ಡಿ (ಎಕ್ಸ್3ಡಿ ಅಂದರೆ ಕ್ಯಾಶ್, ಅಂದರೆ ಚಿಪ್ಪಿನೊಳಗಿನ ವೇಗದ ಮೆಮೊರಿ, ಹೆಚ್ಚಿರುವ ಚಿಪ್), ಒಂದು ಇಡೀ ಬೆಂಗಳೂರು ಬೇಸಿಗೆ ದಾಟಿದೆ. ಅವತ್ತು ಬೇಡ ಅಂದವರೇ ಇವತ್ತು ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಸೆಟ್ಟಿಂಗ್ ಕೇಳ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ರಿವ್ಯೂ ಗ್ರಾಫ್ ನೋಡುವ ಮೊದಲು ನಿಮ್ಮ ಹಳೇ ಮೆಷಿನ್ನಿನಲ್ಲೇ ಪ್ರೊಸೆಸರಿನ ಮಿತಿ ಅಳೆಯಿರಿ. ರೆಸಲ್ಯೂಶನ್ ಮಾತ್ರ 720ಪಿಗೆ ಇಳಿಸಿ, ಅಥವಾ ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಹಿಗ್ಗಿಸುವ ಎನ್ವಿಡಿಯಾದ ಡಿಎಲ್‌ಎಸ್‌ಎಸ್ ಅನ್ನು ಅಲ್ಟ್ರಾ ಪರ್ಫಾರ್ಮೆನ್ಸ್‌ಗೆ ಹಾಕಿ. ರೇ ಟ್ರೇಸಿಂಗ್ (ಬೆಳಕು-ನೆರಳಿನ ಲೆಕ್ಕ), ಜನಸಂದಣಿ, ದೂರದ ನೋಟ ಇವು ಮೂರನ್ನೂ ಮುಟ್ಟಬೇಡಿ, ಅವು ಪ್ರೊಸೆಸರ್ ಮೇಲೆ ಬೀಳುವ ಭಾರ. ಹೆಚ್ಚಿನವರು ಇಡೀ ಪ್ರೀಸೆಟ್ಟನ್ನೇ ಲೋ ಮಾಡಿಬಿಡ್ತಾರೆ, ಆಗ ಅಳತೆಯೇ ಸುಳ್ಳು. ಹೀಗೆ ಸೆಕೆಂಡಿಗೆ ಸಿಕ್ಕ ಫ್ರೇಮುಗಳ ಎಣಿಕೆ, ಅಂದರೆ ಎಫ್‌ಪಿಎಸ್ಸೇ ಆ ಗೇಮಿನಲ್ಲಿ ನಿಮ್ಮ ಪ್ರೊಸೆಸರಿನ ಚಾವಣಿ. ಎಷ್ಟು ದುಡ್ಡಿನ ಕಾರ್ಡ್ ಹಾಕಿದರೂ ಅದಕ್ಕಿಂತ ಮೇಲೆ ಹೋಗಲ್ಲ. ಪ್ರೆಸೆಂಟ್‌ಮಾನ್ ಅನ್ನೋ ಅಳತೆ ಸಾಫ್ಟ್‌ವೇರಿನಲ್ಲಿ ಜಿಪಿಯು ಬ್ಯುಸಿ (ಕಾರ್ಡು ನಿಜಕ್ಕೂ ದುಡಿದ) ಸಮಯವನ್ನೂ ನೋಡಿ: ಫ್ರೇಮ್ ಟೈಮ್ 14 ಮಿಲಿಸೆಕೆಂಡ್ ಇದ್ದು ಜಿಪಿಯು ಬ್ಯುಸಿ 8 ಇದ್ದರೆ, ಉಳಿದ 6 ಮಿಲಿಸೆಕೆಂಡ್ ಕಾರ್ಡು ಸುಮ್ಮನೆ ಕಾಯ್ತಾ ಕೂತಿದೆ. ಟಾಸ್ಕ್ ಮ್ಯಾನೇಜರ್ ತೋರಿಸುವ 40 ಪರ್ಸೆಂಟ್ ಪ್ರೊಸೆಸರ್ ಬಳಕೆ ನಂಬಬೇಡಿ. ಗೇಮಿನ ಮುಖ್ಯ ಥ್ರೆಡ್ (ಕೆಲಸದ ಸರಪಳಿ) ಒಂದೇ ಕೋರಿನಲ್ಲಿ ಓಡುತ್ತೆ. ಹದಿನಾರು ಎತ್ತು ಕಟ್ಟಿದರೂ ನೇಗಿಲು ಒಂದೇ.

ನನ್ನ ಹಳೇ ರೈಜನ್ 5 5600ರಲ್ಲಿ ಬಾಲ್ಡರ್ಸ್ ಗೇಟ್ 3ರ ಮೂರನೇ ಅಂಕದ ಪೇಟೆಯಲ್ಲಿ ಅರವತ್ತರ ಆಸುಪಾಸು, ರೇ ಟ್ರೇಸಿಂಗ್ ಹಾಕಿದ ಸೈಬರ್‌ಪಂಕ್‌ನಲ್ಲಿ ಎಪ್ಪತ್ತು ಚಿಲ್ಲರೆ ಬರುತ್ತಿತ್ತು. ಮಾನಿಟರ್ 1440ಪಿ, 240 ಹರ್ಟ್ಜ್. ಕಟ್ಟಿಹಾಕಿರೋದು ಪ್ರೊಸೆಸರ್ರೇ ಅಂತ ಅಲ್ಲೇ ಗೊತ್ತಾಯ್ತು. 4ಕೆ ಆಡುವವರಿಗೆ ಪ್ರೊಸೆಸರ್ ಮುಖ್ಯ ಅಲ್ಲ ಅನ್ನೋ ಮಾತು ಡಿಎಲ್‌ಎಸ್‌ಎಸ್ ಬಂದ ಮೇಲೆ ಪೂರ್ತಿ ನಿಲ್ಲಲ್ಲ. 4ಕೆ ಪರ್ಫಾರ್ಮೆನ್ಸ್ ಮೋಡಿನಲ್ಲಿ ಒಳಗೆ ಚಿತ್ರ ಬಿಡಿಸುವುದು 1080ಪಿಯಲ್ಲೇ. ಫ್ರೇಮ್ ಜನರೇಷನ್ (ಕಾರ್ಡೇ ನಡುನಡುವೆ ಫ್ರೇಮ್ ಸೃಷ್ಟಿಸೋದು) ನಂಬರ್ ಏರಿಸುತ್ತೆ, ಆದರೆ ಅಡಿಪಾಯದ ಫ್ರೇಮ್ ಕೊಡಬೇಕಾದ್ದು ಪ್ರೊಸೆಸರ್ರೇ.

ಇನ್ನು ದುಡ್ಡು. ನೆನಪಿನಿಂದ ಹೇಳೋದಾದರೆ, ನಾನು ಕೊಂಡಾಗ ಜಿಎಸ್‌ಟಿ ಸೇರಿ 9800ಎಕ್ಸ್3ಡಿ ಐವತ್ತು ಸಾವಿರದ ಹತ್ತಿರ, ಬಿ650 ಬೋರ್ಡ್ ಹದಿನೈದು, 32 ಜಿಬಿ ಡಿಡಿಆರ್5 ರ್‍ಯಾಮ್ (ವೇಗ 6000, ವಿಳಂಬ ಸಿಎಲ್30) ಹತ್ತು, ಎರಡು ಗೋಪುರದ ಏರ್ ಕೂಲರ್ ನಾಲ್ಕು. ಎಂಬತ್ತು ಸಾವಿರದೊಳಗೆ ಮುಗೀತು. ಐ9-14900ಕೆ ಕೊಟೇಶನ್‌ನಲ್ಲಿ ಚಿಪ್ಪಿನ ಬೆಲೆ ಹೆಚ್ಚೂಕಮ್ಮಿ ಅಷ್ಟೇ, ಆದರೆ ಝಡ್790 ಬೋರ್ಡು ಮತ್ತು 360 ಕೂಲರ್ ಸೇರಿ ಒಂದು ಲಕ್ಷದ ಹದಿನೈದು ಸಾವಿರ ಮುಟ್ಟಿತ್ತು. 253 ವ್ಯಾಟ್ ಎಳೆಯುವ ಚಿಪ್ಪಿಗೆ ಬೋರ್ಡು, ಕೂಲರ್ ಎರಡೂ ದೊಡ್ಡವೇ ಬೇಕು. ಉಳಿದ ಮೂವತ್ತು ಚಿಲ್ಲರೆ ಸಾವಿರದಲ್ಲಿ 4070 ಟಿಐ ಸೂಪರ್ ಬದಲು 4080 ಸೂಪರ್ ಬಂತು. ಅದು ಪಿಸಿಐಇ 4.0 (ಬೋರ್ಡಿಗೆ ಕಾರ್ಡ್ ಜೋಡಿಸುವ ಸ್ಲಾಟಿನ ತಲೆಮಾರು) ಕಾರ್ಡ್, ಬಿ650ಯಲ್ಲಿ ಏನೂ ಕಳೆದುಕೊಳ್ಳಲ್ಲ. ಪ್ರೊಸೆಸರ್ ಕೂರುವ ಸಾಕೆಟ್ಟಿನ ಲೆಕ್ಕವೂ ಇದೆ. 9800ರ ಸಾಕೆಟ್ ಎಎಮ್5ಗೆ 2027ರವರೆಗೂ, ಅದರಾಚೆಗೂ ಬೆಂಬಲ ಅಂತ ಎಎಮ್‌ಡಿ ಹೇಳಿದೆ. ಎಲ್‌ಜಿಎ1700ಗೆ (ಆ ಐ9ರ ಸಾಕೆಟ್ಟು) ಗೇಮಿಂಗ್ ಪಿಸಿ ಮಟ್ಟಿಗೆ 14ನೇ ತಲೆಮಾರೇ ಕೊನೆ.

ಸೆಕೆಂಡ್‌ಹ್ಯಾಂಡ್ ಐ9-13900ಕೆ, 14900ಕೆ ಅಗ್ಗಕ್ಕೆ ಸಿಗ್ತಿವೆ. ನಾನು ಮುಟ್ಟಲ್ಲ. ಹೆಚ್ಚಿನ ವೋಲ್ಟೇಜ್‌ನಿಂದ ಚಿಪ್ ಸವೆಯುವ ಸಮಸ್ಯೆಗೆ 2024ರಲ್ಲಿ 0ಎಕ್ಸ್129, ಆಮೇಲೆ 0ಎಕ್ಸ್12ಬಿ ಮೈಕ್ರೋಕೋಡ್ (ಬಯಾಸ್ ಜೊತೆ ಬರುವ ಚಿಪ್ಪಿನ ತಿದ್ದುಪಡಿ) ಬಂದವು. ಅವು ಮುಂದಿನ ಸವೆತ ತಡೀತವೆ, ಆಗಲೇ ಸವೆದದ್ದನ್ನು ಸರಿಮಾಡಲ್ಲ. ಹಿಂದಿನ ಮಾಲೀಕ ಬಯಾಸ್ ಅಪ್‌ಡೇಟ್ ಮಾಡದೆ ಎಷ್ಟು ದಿನ ಓಡಿಸಿದ್ದಾನೋ ನೀವು ತಿಳಿಯೋಕೆ ದಾರಿ ಇಲ್ಲ.

ಎಎಮ್‌ಡಿಯಲ್ಲೂ ದೊಡ್ಡ ನಂಬರ್ ಅಂದರೆ ಒಳ್ಳೇದು ಅಂತಲ್ಲ. 7900ಎಕ್ಸ್3ಡಿಯಲ್ಲಿ ಹನ್ನೆರಡು ಕೋರ್ ಇದ್ದರೂ ಹೆಚ್ಚುವರಿ ಕ್ಯಾಶ್ ಇರೋದು ಆರಕ್ಕೆ ಮಾತ್ರ. ಗೇಮಿಂಗಿಗೆ ಎಂಟು ಕೋರಿನ 7800ಎಕ್ಸ್3ಡಿಯೇ ಮುಂದು. 7950ಎಕ್ಸ್3ಡಿ, 9950ಎಕ್ಸ್3ಡಿಗಳಲ್ಲಿ ಚಿಪ್‌ಸೆಟ್ ಡ್ರೈವರ್, ವಿಂಡೋಸಿನ ಗೇಮ್ ಬಾರ್ ಎರಡೂ ಸರಿಯಾಗಿದ್ದರಷ್ಟೇ ಗೇಮು ಕ್ಯಾಶ್ ಇರುವ ಕಡೆ ಕೂರುತ್ತೆ. ಒಂದು ಚಿಪ್ಲೆಟ್ಟಿನ (ಕೋರುಗಳಿರುವ ತುಂಡಿನ) ಪ್ರೊಸೆಸರ್ ತೆಗೆದು ಎರಡು ಚಿಪ್ಲೆಟ್ಟಿನದು ಹಾಕಿ ವಿಂಡೋಸ್ ಹಳೇದೇ ಬಿಟ್ಟರೆ ಈ ಹಂಚಿಕೆ ಕೈಕೊಡುವ ಸಂಭವ ಜಾಸ್ತಿ. ವಿಡಿಯೋ ಎಡಿಟಿಂಗ್ ಅಥವಾ ಕಂಪೈಲ್ ಕೆಲಸ ಇದ್ದರೆ ಆ ಚಿಪ್ಪುಗಳು ಚೆನ್ನ, ಬರೀ ಆಟಕ್ಕೆ ಬೇಡ.

ಬೋರ್ಡು ಹಳೇ ಸ್ಟಾಕ್ ಆಗಿದ್ದರೆ 9000 ಸರಣಿಯನ್ನು ಗುರುತಿಸಲ್ಲ. ಹಾಗಾಗಿ ಪ್ರೊಸೆಸರ್ ಓಡದೆಯೂ ಪೆನ್‌ಡ್ರೈವಿನಿಂದ ಹೊಸ ಬಯಾಸ್ ಹಾಕಬಲ್ಲ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡನ್ನೇ ತಗೊಳ್ಳಿ. ಪೆನ್‌ಡ್ರೈವ್ ಫ್ಯಾಟ್32 ಇರಬೇಕು, ಫೈಲಿನ ಹೆಸರು ಬೋರ್ಡ್ ಕಂಪನಿ ಹೇಳಿದ ಹಾಗೇ ಇರಬೇಕು, ಗುರುತು ಹಾಕಿದ ಪೋರ್ಟಿಗೇ ಚುಚ್ಚಬೇಕು. ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇದ್ದು ಡಿರ್‍ಯಾಮ್ ದೀಪ ಹಲವು ನಿಮಿಷ ಉರೀತಾ ಇರುತ್ತೆ. ಅದು ಮೆಮೊರಿ ಟ್ರೇನಿಂಗ್, ಬೋರ್ಡು ಮೆಮೊರಿ ಕಡ್ಡಿಗಳಿಗೆ ಹೊಂದಿಕೊಳ್ಳೋದು. ಬೋರ್ಡ್ ಸತ್ತಿದೆ ಅಂತ ಪವರ್ ಎಳೆದರೆ ಮತ್ತೆ ಮೊದಲಿಂದ ಶುರು.

ರ್‍ಯಾಮ್ ಎರಡೇ ಕಡ್ಡಿ ಹಾಕಿ. 64 ಜಿಬಿ ಬೇಕಾದರೂ 32ರದ್ದು ಎರಡು. ನಾಲ್ಕು ಕಡ್ಡಿ ತುಂಬಿದರೆ ಎಎಮ್5ನಲ್ಲಿ ಖಾತ್ರಿ ವೇಗ 3600ಕ್ಕೆ ಇಳಿಯುತ್ತೆ. ಎಕ್ಸ್‌ಪೋ (ಕಡ್ಡಿಯನ್ನು ಪೂರ್ಣ ವೇಗದಲ್ಲಿ ಓಡಿಸುವ ಬಯಾಸ್ ಸೆಟ್ಟಿಂಗ್) ಹಾಕಿದ ಮೇಲೆ ಎಸ್‌ಒಸಿ ವೋಲ್ಟೇಜ್ (ಚಿಪ್ಪಿನಲ್ಲಿ ಮೆಮೊರಿ ನೋಡಿಕೊಳ್ಳುವ ಭಾಗದ್ದು) ನೋಡಿ. 2023ರಲ್ಲಿ ಚಿಪ್ಪುಗಳು ಸುಟ್ಟುಹೋದ ಮೇಲೆ 1.3 ವೋಲ್ಟ್ ಮಿತಿ ಬಂತು, ನನ್ನದು 1.2ರ ಹತ್ತಿರವೇ ನಿಂತಿದೆ. ಕುತೂಹಲಕ್ಕೆ 5200 ಸಿಎಲ್40 ಕಡ್ಡಿಗಳನ್ನೂ ಹಾಕಿ ನೋಡಿದೆ. ಎಕ್ಸ್3ಡಿಯಲ್ಲಿ ಮೂರ್ನಾಲ್ಕು ಪರ್ಸೆಂಟ್ ಬಿತ್ತು ಅಷ್ಟೇ, ಅದೇ ಕಡ್ಡಿಗೆ ಸ್ನೇಹಿತನ ರೈಜನ್ 5 7600ರಲ್ಲಿ ಹತ್ತರ ಹತ್ತಿರ ಬಿತ್ತು. ದೊಡ್ಡ ಕ್ಯಾಶ್ ಇರುವಾಗ 8000ದ ರ್‍ಯಾಮಿಗೆ ದುಡ್ಡು ಸುರಿಯೋದರಲ್ಲಿ ಅರ್ಥ ಇಲ್ಲ.

ರ್‍ಯಾಮ್ ಟೈಮಿಂಗ್‌ಗಳಲ್ಲಿ ಟಿ-ರೆಫಿ (ಮಾಹಿತಿ ಅಳಿಯದಂತೆ ಮಾಡುವ ಎರಡು ರಿಫ್ರೆಶ್ ನಡುವಿನ ಅಂತರ) ಏರಿಸಿದರೆ ಪುಕ್ಕಟೆ ಲಾಭ, ಆದರೆ 65535ಕ್ಕೆ ಎಳೆದರೆ ವಿಚಿತ್ರ ತೊಂದರೆ ಕಾಣುತ್ತೆ: ರಾತ್ರಿಯಿಡೀ ಮೆಮೊರಿ ಟೆಸ್ಟ್ ಪಾಸು, ಗೇಮ್ ಹಾಕಿದ ಅರ್ಧ ಗಂಟೆಗೆ ಕ್ರ್ಯಾಶು. ಕಾರ್ಡಿನ ಬಿಸಿಗಾಳಿಗೆ ಕಡ್ಡಿಗಳು ಐವತ್ತೈದು ಡಿಗ್ರಿ ದಾಟ್ತವೆ, ಬಿಸಿ ಏರಿದಷ್ಟೂ ರ್‍ಯಾಮ್ ಬೇಗ ಬೇಗ ರಿಫ್ರೆಶ್ ಕೇಳುತ್ತೆ. ಟೆಸ್ಟ್ ಓಡುವಾಗ ಕಾರ್ಡು ತಣ್ಣಗಿರುತ್ತೆ, ಅದಕ್ಕೇ ಸಿಕ್ಕಿಬೀಳಲ್ಲ. ನಾನು ಎಷ್ಟಕ್ಕೆ ಇಳಿಸಿದೆ, ಉಪ ಟೈಮಿಂಗ್ ಏನೇನು ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಕೋರುಗಳ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಸರ್ ವಿಷಯದಲ್ಲಿ ಎಲ್ಲರೂ ಮೈನಸ್ 30 ಅಂತಾರೆ. ಸಿನೆಬೆಂಚ್ ಟೆಸ್ಟ್ ಅದರಲ್ಲೂ ಪಾಸಾಗುತ್ತೆ. ಎಡವೋದು ಡೆಸ್ಕ್‌ಟಾಪ್ ಸುಮ್ಮನಿದ್ದಾಗ, ಬ್ರೌಸರ್ ತೆರೆದಾಗ, ಯಾಕಂದರೆ ಒಂದೇ ಕೋರ್ ಗರಿಷ್ಠ ವೇಗಕ್ಕೆ ಹಾರೋದು ಹಗುರ ಕೆಲಸದಲ್ಲೇ. ಒಂದೊಂದೇ ಕೋರನ್ನು ಪರೀಕ್ಷಿಸುವ ಕೋರ್‌ಸೈಕ್ಲರ್ ರಾತ್ರಿಯಿಡೀ ಓಡಿಸಿ. ಆಮೇಲೂ ರೀಸ್ಟಾರ್ಟ್ ಆದರೆ ಈವೆಂಟ್ ವ್ಯೂವರ್‌ನಲ್ಲಿ WHEA-Logger 18 (ವಿಂಡೋಸ್ ದಾಖಲಿಸುವ ಹಾರ್ಡ್‌ವೇರ್ ದೋಷ) ಹುಡುಕಿ. ಕ್ಯಾಶ್ ಹೈರಾರ್ಕಿ ಎರರ್ ಅಂತಿರುತ್ತೆ, ಕೆಳಗೆ ಎಪಿಐಸಿ ಐಡಿ, ಎಡವಿದ ಕೋರನ್ನು ಹೇಳುವ ನಂಬರ್. ಅದನ್ನು ಎರಡರಿಂದ ಭಾಗಿಸಿ: 6 ಅಥವಾ 7 ಇದ್ದರೆ ಮೂರನೇ ನಂಬರಿನ ಕೋರ್, ಎಣಿಕೆ ಸೊನ್ನೆಯಿಂದ. ಆ ಒಂದೇ ಕೋರನ್ನು ಐದು ಸಡಿಲಿಸಿದರೆ (ಮೈನಸ್ 30 ಇದ್ದದ್ದು ಮೈನಸ್ 25) ಸಾಕು. ನನ್ನದರಲ್ಲಿ ಎರಡು ಕೋರ್ ಮೈನಸ್ 15, ಉಳಿದವು 25.

ಕೂಲರನ್ನು ಎಎಮ್5ನಲ್ಲಿ 7 ಮಿಲಿಮೀಟರ್ ಕೆಳಗೆ ಸರಿಸಿ ಕೂರಿಸುವ ಪಟ್ಟಿ ಸಿಕ್ಕರೆ ಹಾಕಿ, ಬಿಸಿ ಹುಟ್ಟುವ ಚಿಪ್ಲೆಟ್ ಮಧ್ಯದಲ್ಲಿಲ್ಲ. ಎರಡು ಮೂರು ಡಿಗ್ರಿ ಇಳಿಯುತ್ತೆ. 9800ರಲ್ಲಿ ಕ್ಯಾಶ್ ಕೋರುಗಳ ಅಡಿಗೆ ಹೋಗಿರೋದರಿಂದ ಹಿಂದಿನ ತಲೆಮಾರಿಗಿಂತ ಬಿಸಿ ಸಲೀಸಾಗಿ ಹೊರಬರುತ್ತೆ. ಏಪ್ರಿಲ್ ಮಧ್ಯಾಹ್ನ ಎಸಿ ಇಲ್ಲದ ರೂಮಿನಲ್ಲಿ ಗೇಮಿಂಗ್ 70 ಡಿಗ್ರಿ ಸುತ್ತ, ಶೇಡರ್ (ಗೇಮಿನ ಗ್ರಾಫಿಕ್ಸ್ ಕೋಡ್) ಕಂಪೈಲ್ ಆಗುವಾಗ ಮಾತ್ರ 85 ದಾಟುತ್ತೆ. ಬಾಲ್ಡರ್ಸ್ ಗೇಟ್ ಪೇಟೆಯಲ್ಲಿ ಈಗ ನೂರಿಪ್ಪತ್ತರ ಸುತ್ತ. ಕೌಂಟರ್-ಸ್ಟ್ರೈಕ್ 2ರಲ್ಲಿ 1 ಪರ್ಸೆಂಟ್ ಲೋ (ಅತಿ ನಿಧಾನದ ಫ್ರೇಮುಗಳ ಎಫ್‌ಪಿಎಸ್) ಹಿಂದೆ ನೂರರ ಮೇಲೆ ಸ್ವಲ್ಪ ಇತ್ತು, ಈಗ ಅದರ ದುಪ್ಪಟ್ಟು. ಎಸ್‌ಎಂಟಿ (ಒಂದೇ ಕೋರಿನಲ್ಲಿ ಎರಡು ಕೆಲಸ ಓಡಿಸೋದು) ಆಫ್ ಮಾಡಿಯೂ ನೋಡಿದೆ, ಒಂದು ಗೇಮಲ್ಲಿ ಏರಿದರೆ ಇನ್ನೊಂದರಲ್ಲಿ ಇಳಿಯಿತು, ಬಿಟ್ಟುಬಿಟ್ಟೆ.

ಕರೆಂಟ್ ಹೋಗುವ ಊರಿನವರಿಗೆ ಇನ್ನೊಂದು ಮಾತು. ಆಟದಲ್ಲಿ ಈ ಚಿಪ್ 70-80 ವ್ಯಾಟ್ ಎಳೆಯುತ್ತೆ, ಕಾರ್ಡು 320, ಮಾನಿಟರ್ ಸೇರಿ ಒಟ್ಟು ಐನೂರು ದಾಟಲ್ಲ. 660 ವ್ಯಾಟ್ ಕೊಡುವ 1100 ವಿಎ ಯುಪಿಎಸ್ ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ತಡೆಯುತ್ತೆ. ಐ9 ಆಗಿದ್ದರೆ ಅದಕ್ಕೂ ದೊಡ್ಡದು ಬೇಕಿತ್ತು.

ಕೊಳ್ಳುವಾಗ ಡಬ್ಬಿಯ ಕಿಟಕಿಯಲ್ಲಿ ಕಾಣುವ ಚಿಪ್ ಮೇಲಿನ ಸೀರಿಯಲ್ಲನ್ನು ಲೇಬಲ್ ಜೊತೆ ತಾಳೆ ನೋಡಿ, ಬಿಲ್ಲಿನಲ್ಲೂ ಬರೆಸಿ. ಡಬ್ಬಿ ಇಲ್ಲದ ಟ್ರೇ ಚಿಪ್ ಎರಡು ಮೂರು ಸಾವಿರ ಕಡಿಮೆಗೆ ಸಿಗುತ್ತೆ, ಆದರೆ ಮೂರು ವರ್ಷದ ಕಂಪನಿ ವಾರಂಟಿ ಡಬ್ಬಿಯದಕ್ಕೆ ಮಾತ್ರ. ಒಂದು ಅಂಗಡಿಯಲ್ಲಿ ಅವರದೇ ಬೋರ್ಡ್ ತಗೊಂಡರಷ್ಟೇ ಪ್ರೊಸೆಸರ್ ಕೊಡ್ತೀವಿ ಅಂತ ಪಟ್ಟು ಹಿಡಿದರು. ನಾಲ್ಕು ಅಂಗಡಿ ಆಚೆ ಹೋದರೆ ಬಿಡಿಯಾಗಿಯೇ ಸಿಕ್ಕಿತು, ಅದೂ ಐನೂರು ಕಡಿಮೆಗೆ.