ಸಿಟ್ಟು ನೆತ್ತಿಗೇರುವ ಮುಂಚೆ

ಮಂಡ್ಯದ ಗೆಳೆಯರೇ, ಹೋದ ವಾರ ಸಾರಿಗೆ ಉಪ್ಪು ಜಾಸ್ತಿಯಾಯ್ತು ಅಂತ ತಟ್ಟೆ ಎಸೆದೆ. ಮಗಳು ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು. ಸಿಟ್ಟು ಉಪ್ಪಿನದ್ದಲ್ಲ. ರಾತ್ರಿ ನಿದ್ದೆಯಿಲ್ಲ, ಬೆಳಗ್ಗೆಯಿಂದ ಹೊಟ್ಟೆಗಿಲ್ಲ, ಕಬ್ಬಿನ ಬಾಕಿ ದುಡ್ಡಿನ ಚಿಂತೆ ಬೇರೆ.

ಕೂಗಾಡುವ ಮುಂಚೆ ನನಗೆ ದವಡೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ. ಅದು ಗೊತ್ತಾದ ಕೂಡಲೇ "ಹತ್ತು ನಿಮಿಷ ಬಿಟ್ಟು ಬರ್ತೀನಿ" ಅಂತ ಹೇಳಿ ನಾಲೆ ಏರಿ ಕಡೆ ನಡೆಯುತ್ತೇನೆ. ಹೇಳಿಯೇ ಹೋಗಬೇಕು. ಸುಮ್ನೆ ಎದ್ದು ಹೋದರೆ ಅದೇ ಇನ್ನೊಂದು ಜಗಳ, ಅಲ್ವಾ? ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ಎಣ್ಣೆ ಹೊಡೆದರೆ ಸಿಟ್ಟು ತಣ್ಣಗಾಗುತ್ತದೆ ಅನ್ನೋದು ಸುಳ್ಳು, ಹಿಡಿತ ಇನ್ನಷ್ಟು ತಪ್ಪುತ್ತದೆ.

ಪದೇ ಪದೇ ಹೀಗಾಗುತ್ತಿದ್ದರೆ, ಕೈ ಎತ್ತುವ ಮಟ್ಟಕ್ಕೆ ಹೋದರೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೂ ಆಯ್ತು. ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು, ಮಧ್ಯರಾತ್ರಿಯಾದರೂ.