ರಬ್ಬರ್ ಮರದ ಕಂಬದ ಮೇಲೆ ಮೂರು ಅಂತಸ್ತು

ಕಾಸರಗೋಡಿನ ಬದಿಯಡ್ಕದ ಹತ್ತಿರ ನಾನು ಕಟ್ಟಿದ ಮನೆ ಎರಡು ಮಳೆಗಾಲ ಕಂಡಿದೆ. ಕೆಳಗೆ ಕೆಂಪುಕಲ್ಲಿನ ಒಂದು ಅಂತಸ್ತು, ಮೇಲೆ ಮೂರು ಅಂತಸ್ತಿನ ಕಂಬ, ತೊಲೆ, ನೆಲ ಎಲ್ಲವೂ ರಬ್ಬರ್ ಮರದ ಹಲಗೆಗಳನ್ನು ಪದರ ಪದರವಾಗಿ ಅಂಟಿಸಿ ಮಾಡಿದ್ದು. "ರಬ್ಬರ್ ಒಲೆಗೆ ಸರಿ, ತೊಲೆಗಲ್ಲ" ಎಂದು ಮೊದಲ ದಿನವೇ ಎದ್ದು ಹೋಗಿದ್ದ ಹಿರಿಯ ಆಚಾರಿಯವರು ಕಳೆದ ತಿಂಗಳು ಬಂದಿದ್ದರು. ಮೇಲಿನ ಅಂತಸ್ತಿನ ನೆಲವನ್ನು ಹಿಮ್ಮಡಿಯಿಂದ ಕುಟ್ಟಿ ನೋಡಿ, "ಅಡ್ಡಿಯಿಲ್ಲ ಮಾರಾಯರೇ" ಎಂದರು. ನನಗೆ ಅಷ್ಟು ಸಾಕಿತ್ತು.

ಮೊದಲ ಕಂತಿನಲ್ಲಿ ಹನ್ನೊಂದು ತೊಲೆ ಕೆಟ್ಟವು, ಸುಮಾರು ಮೂರೂವರೆ ಲಕ್ಷ ಹೋಯಿತು. ಜಡಿಮಳೆಯ ಆಟಿ ತಿಂಗಳಲ್ಲಿ ಅಂಟು ಹಚ್ಚಿದ್ದೇ ತಪ್ಪು. ಪಾಲಿಯುರೆಥೇನ್ ಅಂಟು ತೇವ ಹೀರಿಯೇ ಗಟ್ಟಿಯಾಗುವಂಥದ್ದು. ಹದಿನಾಲ್ಕನೆಯ ಪದರ ಇಡುವಷ್ಟರಲ್ಲಿ ಅಡಿಯ ಪದರಕ್ಕೆ ಕೆನೆ ಕಟ್ಟಿತ್ತು. ಹಲಗೆಯ ತೇವವೂ ಶೇ. 20ರ ಹತ್ತಿರವಿತ್ತು. ಬೇಸಗೆಯಲ್ಲಿ ಮರ ಕುಗ್ಗಿದಾಗ ಅಂಟಿನ ಗೆರೆಗಳು ಉಗುರು ತೂರುವಷ್ಟು ಬಾಯಿ ಬಿಟ್ಟವು.

ಆಮೇಲೆ ಅಂಟಿನ ಕೆಲಸ ಡಿಸೆಂಬರಿನಿಂದ ಮಾರ್ಚ್ ಒಳಗೆ ಮಾತ್ರ. ಮರ ಕಡಿದ ಮರುದಿನವೇ ಹುಳ ತಡೆಯುವ ಬೋರಾನ್ ದ್ರಾವಣ ಕುಡಿಸುತ್ತೇನೆ, ತಡವಾದರೆ ನೀಲಿ ಬೂಷ್ಟು ಹಿಡಿಯುತ್ತದೆ. ಹಲಗೆಗಳನ್ನು ಅಡಿಕೆ ಒಣಗಿಸುವ ಸೋಲಾರ್ ಗೂಡಿನಲ್ಲಿ ಜೋಡಿಸಿದೆ. ಐದಾರು ವಾರದಲ್ಲಿ ಶೇ. 12ಕ್ಕೆ ಇಳಿದವು. ಅಂಟಿಸಿದ ಹಲಗೆಗಳನ್ನು ಬಿಗಿಯಲು ಜಿ ಕ್ಲ್ಯಾಂಪ್ ಬಿಟ್ಟು, ಕಬ್ಬಿಣದ ಚೌಕಟ್ಟಿನಲ್ಲಿ ಎಂಟು ಲಾರಿ ಜಾಕಿ ಕೂರಿಸಿದೆ. ಅಂಟು ಹಚ್ಚುವ ಮೊದಲು ಹಲಗೆಗೆ ಏನು ಒರೆಸುತ್ತೇನೆ, ಎಷ್ಟು ನಿಮಿಷಕ್ಕೆ ಬಿಗಿಯುತ್ತೇನೆ ಎಂಬುದನ್ನು ಇಲ್ಲಿ ಹೇಳಲಾರೆ.

ಅಂಟು ಹಿಡಿದಿದೆಯೇ ಎಂದು ನೋಡಲು ಪ್ರತಿ ತೊಲೆಯ ತುದಿಯಿಂದ ನಾಲ್ಕು ಇಂಚು ಕತ್ತರಿಸಿ, ಬಚ್ಚಲ ಹಂಡೆಯಲ್ಲಿ ನಾಲ್ಕು ಗಂಟೆ ಕುದಿಸಿ, ಒಣಗಿಸಿ, ಉಳಿಯಿಂದ ಸೀಳುತ್ತೇನೆ. ಅಂಟಿನ ಗೆರೆಯಲ್ಲೇ ನುಣ್ಣಗೆ ಬಿಟ್ಟರೆ ಇಡೀ ತೊಲೆ ಹೊರಗೆ. ಮರವೇ ಹರಿದು ನಾರು ಎದ್ದರೆ ಒಳಗೆ. ಎರಡನೆಯ ಕಂತಿನ ಅರುವತ್ತು ಚಿಲ್ಲರೆ ತೊಲೆಗಳಲ್ಲಿ ಮೂರೇ ಸೋತವು.

ಸಾಲ ಕೊಡುವವರಿಗೆ ಬೆಂಕಿಯದೇ ಭಯ. ಅವರ ಎದುರಿಗೇ ಕಂಬದ ತುಂಡೊಂದನ್ನು ಅರ್ಧ ಗಂಟೆ ಉರಿಯಲ್ಲಿಟ್ಟು, ಹೊರತೆಗೆದು ಕೆತ್ತಿದೆ. ಹದಿನೆಂಟು ಮಿಲಿಮೀಟರಿನಷ್ಟು ಕರಿ, ಅದರೊಳಗೆ ಹಾಲಿನ ಬಣ್ಣದ ಹಸನಾದ ಮರ. ಒಬ್ಬರು ಒಳಮರವನ್ನು ಮುಟ್ಟಿಯೂ ನೋಡಿದರು. ಸಾಲ ಮಾತ್ರ ಮತ್ತೂ ಏಳು ತಿಂಗಳು ತಡವಾಯಿತು; ಅಷ್ಟರಲ್ಲಿ ತೋಟದ ಅಡಿಕೆ ಮಾರಿ ಕೆಲಸ ನಡೆಸಿದೆ.

ಅಮೆರಿಕದ ಮಿಲ್ವಾಕಿಯಲ್ಲಿ 2022ರಲ್ಲಿ ಮುಗಿದ ಅಸೆಂಟ್ ಎಂಬ ಮರದ ಕಟ್ಟಡಕ್ಕೆ 25 ಅಂತಸ್ತು; ಕೆಳಗಿನ ಆರು ಕಾಂಕ್ರೀಟು, ಮೇಲಿನ ಹತ್ತೊಂಬತ್ತು ಮರ. ಮೆಟ್ಟಿಲು, ಲಿಫ್ಟ್‌ಗಳ ಗೂಡೂ ಕಾಂಕ್ರೀಟಿನದೇ. ನಾನೂ ಮೆಟ್ಟಿಲು ಮತ್ತು ಎಲ್ಲ ಬಚ್ಚಲುಗಳನ್ನು ಒಂದೇ ಕಾಂಕ್ರೀಟ್ ಗೂಡಿಗೆ ಸೇರಿಸಿದೆ. ಗಾಳಿಯ ಒತ್ತಡವನ್ನು ಅದು ಹೊರುತ್ತದೆ, ಬಚ್ಚಲ ನೀರು ಮರದ ನೆಲಕ್ಕೆ ಬರುವುದಿಲ್ಲ. ಕೆಳಗೆ ಕೆಂಪುಕಲ್ಲು ಇಟ್ಟದ್ದು ಗೆದ್ದಲು ತಡೆಯಲು. ನಮ್ಮ ಊರಿನಲ್ಲಿ ಮರಕ್ಕೆ ಭಾರ ಹೊರುವುದು ಕಷ್ಟವಲ್ಲ, ನೀರನ್ನು ದೂರ ಇಡುವುದೇ ಕಷ್ಟ.

ಚದರಡಿಗೆ ಎರಡೂವರೆ ಸಾವಿರದ ಆಸುಪಾಸು ಬಿತ್ತು, ಕಾಂಕ್ರೀಟಿಗಿಂತ ನಾಲ್ಕೈದು ನೂರು ಹೆಚ್ಚು. ರಬ್ಬರ್ ಮರದ ತೂಕ ಕಾಂಕ್ರೀಟಿನ ಕಾಲುಭಾಗವಾದ್ದರಿಂದ ಅಡಿಪಾಯದಲ್ಲಿ ಒಂದಿಷ್ಟು ಉಳಿಯಿತು. ಅಂಟಿನ ಖರ್ಚೇ ದೊಡ್ಡದು.

ಈಗ ಅಕೇಶಿಯಾ ಹಲಗೆಯನ್ನೂ ಅಂಟಿಸಿ ಹಂಡೆಗೆ ಹಾಕುತ್ತಿದ್ದೇನೆ. ಆರು ತುಂಡುಗಳಲ್ಲಿ ನಾಲ್ಕು ನಿಂತಿವೆ.